ಮನಸ್ಸಿದ್ದರೆ ಮಾರ್ಗ ಎಂದು ಹೇಳಿಹೋದ ಸಾಹೇಬರಿಗೆ ಮಕ್ತಲ್‌ನಿಂದ ಒಂದು ಪತ್ರ

ಸನ್ಮಾನ್ಯ ಪ್ರೇರಣಾ ಭಾಷಣಕಾರರೇ,

ನಮ್ಮೂರಿನ ಫಂಕ್ಷನ್ ಹಾಲಿನಲ್ಲಿ ಹತ್ತನೇ ಕ್ಲಾಸಿನ ಮಕ್ಕಳನ್ನು ಕೂಡಿಸಿಕೊಂಡು ನೀವು ಮಾಡಿದ ಭಾಷಣದ ಗುಂಗಿನಿಂದ ನಾವಿನ್ನೂ ಹೊರಬಂದಿಲ್ಲ. ‘ಬಡತನ ಇರೋದು ಜೇಬಿನಲ್ಲಲ್ಲ, ಮನಸ್ಸಿನಲ್ಲಿ’ ಅಂದಿರಿ. ಮಕ್ಕಳು ಮನೆಗೆ ಹೋಗಿ ಅಪ್ಪಂದಿರ ಜೇಬು ನೋಡಿದರಂತೆ. ನೀವು ಹೇಳಿದ್ದು ಖರೆ, ಅಲ್ಲಿ ಬಡತನ ಇರಲಿಲ್ಲ, ಏನೂ ಇರಲಿಲ್ಲ.

ಈ ಕಾಗದ ಬರೆಯುತ್ತಿರುವವನು ಒಂದು ಝೆರಾಕ್ಸ್ ಮಷೀನು, ಒಂದು ಕಂಪ್ಯೂಟರು ಇಟ್ಟುಕೊಂಡು ಮಕ್ಕಳ ಅರ್ಜಿ ತುಂಬಿಕೊಡುವವ. ಆದಾಯ, ಜಾತಿ, ಬೋನಾಫೈಡ್, ಮಾರ್ಕ್ಸ್ ಕಾರ್ಡು ಎಲ್ಲವೂ ನನ್ನ ಗಾಜಿನ ಮೇಲೆ ಮಕಾಡೆ ಮಲಗಿ ಎದ್ದುಹೋಗುತ್ತವೆ. ಅರ್ಜಿಯಲ್ಲಿ ‘ತಂದೆಯ ಉದ್ಯೋಗ’, ‘ತಾಯಿಯ ವಿದ್ಯಾರ್ಹತೆ’ ಎಂಬ ಎರಡು ಕಾಲಂ ಬರುತ್ತವೆ. ಅವೆರಡನ್ನು ತುಂಬಿದ ಮೇಲೆ ಆ ಮಗು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನಾನು ಹೇಳಬಲ್ಲೆ. ಜ್ಯೋತಿಷ್ಯ ಕಲಿತವನಲ್ಲ, ಆದರೂ ತಪ್ಪುವುದು ಅಪರೂಪ. 2011ರ ಜನಗಣತಿಯ ಪ್ರಕಾರ ತೆಲಂಗಾಣದ ನಮ್ಮ ನಾರಾಯಣಪೇಟೆ ಜಿಲ್ಲೆಯ ಭಾಗದಲ್ಲೂ ಪಕ್ಕದ ಗದ್ವಾಲದಲ್ಲೂ ಓದುಬರಹ ಬಲ್ಲವರು ನೂರಕ್ಕೆ ಹೆಚ್ಚುಕಡಿಮೆ 50. ಹಾಗಾಗಿ ಎರಡನೇ ಕಾಲಂ ತುಂಬಲು ನನಗೆ ಹೊತ್ತು ಹಿಡಿಯುವುದಿಲ್ಲ, ಗೀಟು ಎಳೆದರೆ ಮುಗಿಯಿತು.

ನೀವು ಬೀದಿದೀಪದ ಕಥೆ ಹೇಳಿದಿರಿ. ಸರ್ ಎಂ. ವಿಶ್ವೇಶ್ವರಯ್ಯನವರು ಕಂಬದ ಕೆಳಗೆ ಓದಿದರು, ಅಂಬೇಡ್ಕರರೂ ಹಾಗೇ ಓದಿದರು, ನಿಮಗೇನು ಧಾಡಿ ಅಂತ. ದೀಪಕ್ಕೆ ನಮ್ಮಲ್ಲಿ ಕೊರತೆಯಿಲ್ಲ ಸಾಹೇಬರೇ. ಕೃಷ್ಣಾ ಹೊಳೆಯ ದಂಡೆಗೆ ಹೋಗಿ ನಿಂತರೆ ಆಚೆ ಶಕ್ತಿನಗರದ ವಿದ್ಯುತ್ ಸ್ಥಾವರವೇ ಕಾಣುತ್ತದೆ. ಆದರೆ ವಿಶ್ವೇಶ್ವರಯ್ಯನವರ ತಂದೆ ಸಂಸ್ಕೃತ ಪಂಡಿತರಾಗಿದ್ದರು, ಅವರು ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ನೆರವಿನಿಂದ. 1913ರಲ್ಲಿ ಅಂಬೇಡ್ಕರರನ್ನು ನ್ಯೂಯಾರ್ಕಿಗೆ ಕಳಿಸಿದ್ದು ಬರೋಡದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ. ಅವರ ಕಂಬದ ಹಿಂದೆ ಒಂದೊಂದು ಸಂಸ್ಥಾನ ನಿಂತಿತ್ತು. ನಮ್ಮ ಹುಡುಗರಿಗೆ ನೀವು ಕಂಬ ಮಾತ್ರ ತೋರಿಸಿದಿರಿ.

ಮಿಠಾಯಿಯ ಕಥೆಯಂತೂ ಎಲ್ಲರಿಗೂ ಹಿಡಿಸಿತು. ಅಮೆರಿಕದಲ್ಲಿ ಪುಟ್ಟ ಮಕ್ಕಳ ಮುಂದೆ ಮಾರ್ಷ್‌ಮ್ಯಾಲೊ ಎಂಬ ಮಿಠಾಯಿ ಇಟ್ಟು, ‘ಈಗಲೇ ತಿಂದರೆ ಒಂದು, ತಡೆದರೆ ಎರಡು’ ಅಂದರಂತೆ. ತಡೆದ ಮಕ್ಕಳು ಮುಂದೆ ದೊಡ್ಡವರಾದರಂತೆ. ಆ ಮಕ್ಕಳು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಂಗಳದ ಶಿಶುವಿಹಾರದವರು ಎಂಬುದನ್ನು ನೀವು ಹೇಳಲು ಮರೆತಿರಿ. 2018ರಲ್ಲಿ ಬೇರೆ ಸಂಶೋಧಕರು ಎಲ್ಲ ಬಗೆಯ ಮನೆಗಳ ಮಕ್ಕಳನ್ನು ಸೇರಿಸಿ ನೋಡಿದರು. ಮನೆಯ ಆದಾಯ, ತಾಯಿಯ ಓದು ಇವನ್ನು ಲೆಕ್ಕಕ್ಕೆ ಹಿಡಿದ ಕೂಡಲೇ ತಾಳ್ಮೆಯ ಮಹಿಮೆ ಬಹುಪಾಲು ಇಳಿದುಹೋಯಿತು. ಇದಕ್ಕೂ ಮುಂಚೆ ಅಮೆರಿಕದ ರಾಚೆಸ್ಟರಿನಲ್ಲಿ ಇನ್ನೊಂದು ಪ್ರಯೋಗ ಆಗಿತ್ತು. ಕೆಲವು ಮಕ್ಕಳಿಗೆ ಒಳ್ಳೆಯ ಬಣ್ಣದ ಸಾಮಾನು ತರುತ್ತೇನೆಂದು ಹೇಳಿ ಬರಿಗೈಲಿ ಬಂದರು, ಕೆಲವರಿಗೆ ಹೇಳಿದಂತೆ ತಂದುಕೊಟ್ಟರು. ಆಮೇಲೆ ಮಿಠಾಯಿ ಇಟ್ಟರೆ, ಮೋಸ ಹೋದ ಮಕ್ಕಳು ಸರಾಸರಿ 3 ನಿಮಿಷ ಕಾದವು, ಉಳಿದವು 12 ನಿಮಿಷ. ಕೊಟ್ಟ ಮಾತು ನಡೆಯುವ ಮನೆಯ ಮಗು ಕಾಯುತ್ತದೆ. ನಡೆಯದ ಕಡೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವುದೇ ಜಾಣತನ.

ಹಾಗೆ ನೋಡಿದರೆ ಕಾಯುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಮಹಬೂಬನಗರ–ಮುನಿರಾಬಾದ್ ರೈಲು ಮಾರ್ಗ ಮಂಜೂರಾದದ್ದು 1997-98ರಲ್ಲಿ, ನಮ್ಮ ಕಡೆಯ ಹಳಿ ಕೃಷ್ಣಾ ಸ್ಟೇಷನ್ ಮುಟ್ಟಿ ರೈಲು ಬಿಟ್ಟದ್ದು 2023ರ ಅಕ್ಟೋಬರ್ 1ಕ್ಕೆ. ತಾಳ್ಮೆಗೇ ರ‍್ಯಾಂಕ್ ಕೊಡುವುದಾದರೆ ಇಡೀ ತಾಲೂಕು ಫಸ್ಟ್ ಕ್ಲಾಸ್.

ಈಗ ನಮ್ಮ ಮಿಠಾಯಿಗೆ ಬರೋಣ. ಕೃಷ್ಣೆ–ತುಂಗಭದ್ರೆಯ ನಡುವಿನ ಗದ್ವಾಲ, ಐಜ ಸೀಮೆಯನ್ನು ನಡಿಗಡ್ಡ ಅನ್ನುತ್ತಾರೆ. ದೇಶದ ಹೊಲಗಳಿಗೆ ಹೋಗುವ ಹೈಬ್ರಿಡ್ ಹತ್ತಿ ಬೀಜ ಅಲ್ಲಿ ತಯಾರಾಗುತ್ತದೆ, ಕೈಯಿಂದ. ಇವತ್ತು ಮಧ್ಯಾಹ್ನ ಹೆಣ್ಣುಗಿಡದ ಮೊಗ್ಗಿನ ಸಿಪ್ಪೆ ಬಿಡಿಸಿ ಒಳಗಿನ ಕೇಸರ ಕಿತ್ತು ಗುರುತು ಕಟ್ಟಬೇಕು. ನಾಳೆ ಬೆಳಗ್ಗೆ ಗಂಡುಹೂ ತಂದು ಒಂದೊಂದಕ್ಕೂ ಪರಾಗ ಸವರಬೇಕು. ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಗಿಡ ಮಗುವಿನ ಎದೆಮಟ್ಟ, ಬೆರಳು ಸಣ್ಣವಿರಬೇಕು, ಕೂಲಿ ಇನ್ನೂ ಸಣ್ಣದಿರಬೇಕು. ಹಾಗಾಗಿ ಹುಡುಗಿಯರೇ ಬೇಕು. ಹಂಗಾಮು ಬರುವುದು ಮಳೆಗಾಲದ ನಡುವೆ, ಅಂದರೆ ಸಾಲಿ ಬಾಗಿಲು ತೆರೆದು ಪಾಠ ಬಿರುಸಾಗುವ ಹೊತ್ತಿಗೆ ಸರಿಯಾಗಿ. ಮನೆಯವರು ಮುಂಗಡ ತಗೊಂಡಿರುತ್ತಾರೆ. ತಗೊಂಡ ಮಿಠಾಯಿ ಆವಾಗಲೇ ಅಡವಿನ ಸಾಲಕ್ಕೋ ಅಜ್ಜಿಯ ಔಷಧಕ್ಕೋ ಕರಗಿರುತ್ತದೆ.

ಬಾಲಕಾರ್ಮಿಕ ಕಾಯ್ದೆ ಇಲ್ಲವೇ ಎಂದು ಕೇಳುತ್ತೀರಿ. ಇದೆ. 2016ರಲ್ಲಿ ತಿದ್ದುಪಡಿಯನ್ನೂ ಮಾಡಿದರು. 14 ತುಂಬದ ಮಗುವನ್ನು ದುಡಿಸುವಂತಿಲ್ಲ, ಆದರೆ ಸಾಲಿ ಬಿಟ್ಟ ಮೇಲೆ, ರಜೆಯಲ್ಲಿ, ಸ್ವಂತ ಮನೆತನದ ಕಸುಬಿಗೆ ನೆರವಾಗಬಹುದು. ಅಧಿಕಾರಿಗಳು ಬಂದ ದಿನ ನಮ್ಮ ಕಡೆ ಎಲ್ಲರೂ ಒಂದೇ ಮನೆತನದವರು. ಇಂಥ ಬಂಧುಪ್ರೇಮ ನೀವು ಬೇರೆಲ್ಲೂ ಕಂಡಿರಲಿಕ್ಕಿಲ್ಲ.

ಹತ್ತಿ ಮುಗಿದ ಮೇಲೆ ಗುಳೆ. ಪಾಲಮೂರು (ಮಹಬೂಬನಗರ) ಸೀಮೆಯ ಕೂಲಿ ಅಂದರೆ ದೇಶಕ್ಕೇ ಗೊತ್ತು. ಅಣೆಕಟ್ಟು, ರಸ್ತೆ, ಮುಂಬೈ–ಹೈದರಾಬಾದಿನ ಅಪಾರ್ಟ್‌ಮೆಂಟು ಎಲ್ಲದರಲ್ಲೂ ನಮ್ಮವರ ಬೆವರಿದೆ. ಗುಂಪು ಮೇಸ್ತ್ರಿ ಕರೆದೊಯ್ಯುತ್ತಾನೆ, ಯುಗಾದಿಗೋ ಮೊದಲ ಮಳೆಗೋ ವಾಪಸು. ನಡುವೆ ಪರೀಕ್ಷೆ ಬಂದುಹೋಗಿರುತ್ತದೆ.

ಇಷ್ಟೆಲ್ಲ ದಾಟಿ ಒಂದು ಮಗು ಚೆನ್ನಾಗಿ ಓದಿತು ಅಂತಿಟ್ಟುಕೊಳ್ಳಿ. ಮನೆಮಾತು ಕನ್ನಡ. 2018ರ ಕಾನೂನಿನಂತೆ ಸಾಲಿಯಲ್ಲಿ ತೆಲುಗು ಕಡ್ಡಾಯ. 2022-23ರಿಂದ ಸರ್ಕಾರಿ ಸಾಲಿಗಳಿಗೆ ಇಂಗ್ಲಿಷ್ ಮಾಧ್ಯಮವೂ ಬಂತು. ‘ಭಾಷೆ ತಡೆಯಲ್ಲ, ಮೆಟ್ಟಿಲು’ ಎಂದು ನೀವು ಹೇಳಿದಿರಿ. ನಮ್ಮವರಿಗೆ ಮೆಟ್ಟಿಲು ಬೇಕಾದಷ್ಟಿವೆ, ಮನೆಯೇ ಸಿಕ್ಕಿಲ್ಲ.

ರಾಯಚೂರು ಹತ್ತಿರ, ಕನ್ನಡದ ಊರು, ಅಲ್ಲೇ ಓದಲಿ ಅನ್ನೋಣ. ತೆಲಂಗಾಣದ ಮೆಡಿಕಲ್ ಸೀಟಿಗೆ ‘ಸ್ಥಳೀಯ’ ಅನ್ನಿಸಿಕೊಳ್ಳಬೇಕಾದರೆ ಒಂಬತ್ತರಿಂದ ಹನ್ನೆರಡರವರೆಗೆ ತೆಲಂಗಾಣದಲ್ಲೇ ಓದಿರಬೇಕು. 2024ರ ಈ ನಿಯಮವನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಹೊಳೆ ದಾಟಿದ ಹುಡುಗ ಹುಟ್ಟಿದೂರಿಗೇ ಪರದೇಶಿ. ಆಚೆ ದಂಡೆಯಲ್ಲಿ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ, ಕಲ್ಯಾಣ ಕರ್ನಾಟಕದವರಿಗೆ. 1956ರ ಅಕ್ಟೋಬರ್ 31ರ ರಾತ್ರಿಯವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಬೆಳಗಾಗುವುದರಲ್ಲಿ ಆಂಧ್ರಪ್ರದೇಶ. ಅವತ್ತು ಗೆರೆ ಸ್ವಲ್ಪ ಪೂರ್ವಕ್ಕೆ ಸರಿದಿದ್ದರೆ ಇವತ್ತು ಅಲ್ಲಿನ ಮೊಮ್ಮಕ್ಕಳಿಗೆ ಸೀಟು. ಇದರಲ್ಲಿ ಮನಸ್ಸಿನ ಪಾತ್ರ ಎಷ್ಟು, ಮಾರ್ಗದ ಪಾತ್ರ ಎಷ್ಟು ಎಂದು ಬಿಡಿಸಿ ಹೇಳಿದರೆ ಉಪಕಾರವಾದೀತು.

ಇನ್ನು ಗಡಿನಾಡ ಕನ್ನಡಿಗರ ಸೀಟು. ಕರ್ನಾಟಕ ಸಿಇಟಿಯ ಫಾರಂ ತುಂಬುವಾಗ ನಾನು ಓದಿದ ನಿಯಮದಲ್ಲಿ ಗಡಿನಾಡೆಂದರೆ ಮಹಾರಾಷ್ಟ್ರದ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ‘ವಿವಾದಿತ’ ಪ್ರದೇಶಗಳಂತೆ. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ನೋಡಿದ್ದೂ ಆ ಎರಡು ಗಡಿಗಳನ್ನೇ. ಮಕ್ತಲ್ ಪಟ್ಟಿಯಲ್ಲಿಲ್ಲ. ನಮ್ಮ ಹಿರಿಯರು ಬಸ್ಸಿಗೆ ಕಲ್ಲು ಹೊಡೆಯಲಿಲ್ಲ, ಬೋರ್ಡಿಗೆ ಮಸಿ ಬಳಿಯಲಿಲ್ಲ, ತೆಲುಗರ ಜೊತೆ ಜಾತ್ರೆ ಮಾಡಿಕೊಂಡು ಸುಮ್ಮನೆ ಉಳಿದರು. ಆ ಸಭ್ಯತೆಗೆ ಮೊಮ್ಮಕ್ಕಳು ದಂಡ ಕಟ್ಟುತ್ತಿದ್ದಾರೆ.

ನೀವು ಹೇಳದೆ ಬಿಟ್ಟ ಗುಟ್ಟೊಂದನ್ನು ನನ್ನ ಝೆರಾಕ್ಸ್ ಮಷೀನು ಬಲ್ಲದು. ಈ ನಿಯಮಗಳಿಂದ ಉಳ್ಳವರ ಮಕ್ಕಳಿಗೆ ಏನೂ ಆಗುವುದಿಲ್ಲ. ನೀರಾವರಿ ಹೊಲ, ಮನೆಯಲ್ಲೊಬ್ಬ ಡಾಕ್ಟರು, ಹೈದರಾಬಾದಿನಲ್ಲೊಬ್ಬ ಕಾಕಾ ಇರುವ ಹುಡುಗನಿಗೆ ಎಂಟನೇ ಕ್ಲಾಸಿನಲ್ಲೇ ಎಲ್ಲಿ ಓದಬೇಕು, ಯಾವ ಸರ್ಟಿಫಿಕೇಟು ಕೂಡಿಡಬೇಕು ಎಂಬುದು ತಿಳಿದಿರುತ್ತದೆ. ಹತ್ತಿ ಹೊಲದ ಹುಡುಗಿಯ ಅಪ್ಪ ನನ್ನ ಅಂಗಡಿಗೆ ಬರುವುದು ಕೊನೇ ತಾರೀಖಿನ ಸಂಜೆ. ‘ಅಣ್ಣಾ, ಇದರಾಗ ನಮ್ ಹುಡ್ಗಿಗಿ ಏನರ ಬರ್ತದೇನು?’ ಅಂತ ಕೇಳುತ್ತಾನೆ. ಇಬ್ಬರು ಮಕ್ಕಳದೂ ಒಂದೇ ಬುದ್ಧಿ. ಒಬ್ಬನದು ಮೇ ತಿಂಗಳಲ್ಲಿ ಫ್ಲೆಕ್ಸ್ ಆಗುತ್ತದೆ. ವರ್ಷಕ್ಕೊಬ್ಬ ಕೂಲಿಯವನ ಮಗನೂ ಫ್ಲೆಕ್ಸಿಗೆ ಬರುತ್ತಾನೆ, ನಿಮ್ಮ ಮುಂದಿನ ಭಾಷಣಕ್ಕೆ ಅವನೊಬ್ಬ ಸಾಕು. ಬರದೇ ಇದ್ದವರ ಫ್ಲೆಕ್ಸ್ ಹಾಕಿಸಿದರೆ ಹೆದ್ದಾರಿಯ ಎರಡೂ ಬದಿ ಸಾಲದು.

ಹಾಗಾಗಿ ಒಂದು ವಿನಂತಿ. ನೀವು ಮತ್ತೆ ಭಾಷಣಕ್ಕೆ ಹೊರಟರೆ ನಮ್ಮ ಮಕ್ಕಳ ಬಳಿ ಬರಬೇಡಿ, ಅವರಿಗೆ ಮನಸ್ಸು ಸಾಕಷ್ಟಿದೆ. ಬೀಜದ ಕಂಪನಿಗಳ ಸಭೆಗೆ ಹೋಗಿ, ದೊಡ್ಡವರಿಗೆ ದೊಡ್ಡ ಕೂಲಿ ಕೊಡುವ ಮನಸ್ಸು ಮಾಡಿ ಎನ್ನಿ. ಹೈದರಾಬಾದಿಗೆ ಹೋಗಿ, ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ಹಂಗಾಮಿ ಹಾಸ್ಟೆಲ್ ತೆರೆಯುವ ಮನಸ್ಸು ಮಾಡಿ ಎನ್ನಿ. ಬೆಂಗಳೂರಿಗೆ ಹೋಗಿ, ಗಡಿನಾಡ ಪಟ್ಟಿಗೆ ಮಕ್ತಲ್, ನಾರಾಯಣಪೇಟೆ, ಗದ್ವಾಲ ಎಂದು ಮೂರು ಹೆಸರು ಸೇರಿಸಿ ಎನ್ನಿ. ದೊಡ್ಡ ದೊಡ್ಡವರ ನಂಬರು ನಿಮ್ಮ ಮೊಬೈಲಿನಲ್ಲಿವೆ ಎಂದು ವೇದಿಕೆಯ ಮೇಲೆ ನೀವೇ ಹೇಳಿದಿರಿ. ಮನವಿ ಪತ್ರ ನಾನು ಟೈಪ್ ಮಾಡಿ ಇಟ್ಟಿದ್ದೇನೆ, ಪ್ರಿಂಟ್ ಪುಕ್ಕಟೆ.

ಇಂತಿ ನಿಮ್ಮ ಭಾಷಣ ಕೊನೆಯ ಸಾಲಿನಲ್ಲಿ ನಿಂತು ಕೇಳಿದ,
ಮಕ್ತಲ್‌ನ ಝೆರಾಕ್ಸ್ ಅಂಗಡಿಯವ