ಕುಕ್ಕರ್ ಫೈವ್ ನೈನ್

ನಾನು ಕೂರುವ ಕುರ್ಚಿಗೂ ನನ್ನ ಹ್ಯಾಮ್ ರೇಡಿಯೊದ ಟ್ಯೂನಿಂಗ್ ಗುಂಡಿಗೂ ನಡುವೆ ಇರುವುದು ಒಂದು ಮೊಳ. ಕೈ ಚಾಚಿದರೆ ಗುಂಡಿ, ತಿರುಗಿಸಿದರೆ ಫ್ರೀಕ್ವೆನ್ಸಿ. ಈ ಘೋರ ಶ್ರಮವನ್ನು ತಪ್ಪಿಸಲೆಂದೇ ಕಂಪ್ಯೂಟರಿನಿಂದ ರೇಡಿಯೊವನ್ನು ಆಳುವ ಇಂಟರ್‌ಫೇಸ್ ಕಟ್ಟಲು ಕೂತೆ. ರೆಡಿಮೇಡ್ ಸಿಗುತ್ತದೆ ಎಂದು ಎಲ್ಲರೂ ಹೇಳಿದರು. ಮಗನ ಮದುವೆಗೆ ಹೋಟೆಲಿನಿಂದ ಪಾರ್ಸೆಲ್ ತರಿಸು ಎನ್ನುವ ಜಾತಿಯ ಜನ.

ಎಸ್.ಪಿ. ರೋಡಿನ ಅಂಗಡಿ ಹುಡುಗ ಆಪ್ಟೋಕಪ್ಲರ್ ಮುಂದಿಟ್ಟು, "ಏನ್ ಮಾಡ್ತೀರ ಅಂಕಲ್ ಇದ್ರಲ್ಲಿ?" ಅಂದ. ಕಂಪ್ಯೂಟರಿಗೂ ರೇಡಿಯೊಗೂ ತಂತಿಯ ನಂಟೇ ಇರಬಾರದು, ಬೆಳಕಿನಲ್ಲೇ ಸನ್ನೆ ದಾಟಬೇಕು, ಇಲ್ಲದಿದ್ದರೆ ದನಿಯ ತುಂಬ ಗುಂಯ್‌ಗುಡುತ್ತದೆ ಎಂದು ವಿವರಿಸಿದೆ. ಅವನು ಪೂರ್ತಿ ಕೇಳಿ, "ಚೇಂಜ್ ಇದ್ಯಾ?" ಅಂದ.

ಇನ್ನು ಸೆಟ್ಟಿನ ಭಾಷೆ. ನನ್ನದು ಐಕಾಮ್; ಅದು ಮಾತಾಡುವುದು ಸಿಐ-ವಿ. ಎಫ್‌ಇ ಎಫ್‌ಇ ಎಂದು ಎರಡು ಸಲ ಕೆಮ್ಮಿ ಶುರುಮಾಡಬೇಕು, ಎಫ್‌ಡಿ ಎಂದು ಮುಗಿಸಬೇಕು. ನಡುವೆ ಫ್ರೀಕ್ವೆನ್ಸಿಯನ್ನು ಎರಡೆರಡು ಅಂಕಿಯಾಗಿ ಬಾಲದಿಂದ ತಲೆಗೆ ಹೇಳಬೇಕು. 14.250 ಮೆಗಾಹರ್ಟ್ಸ್ ಬೇಕಾದರೆ 00 00 25 14 00. ಅದು ಮೊದಲ ಸಲ ನನ್ನ ಮಾತು ಕೇಳಿ ಅಂಕಿ ಬದಲಿಸಿದಾಗ ಸುಳ್ಳೇಕೆ, ಕಣ್ಣು ಒದ್ದೆಯಾಯಿತು. ಮನೆಯಲ್ಲಿ ಇನ್ಯಾರೂ ಹಾಗೆ ಕೇಳಿದವರಲ್ಲ.

ರೇಡಿಯೊ ತರಂಗ ತಂತಿಗೆ ನುಗ್ಗಿ ಮೌಸಿನ ಬಾಣ ಕುಣಿಯತೊಡಗಿತು. ಲೋಹದ ಹೊದಿಕೆ ಬೇಕು. ಅಡುಗೆಮನೆಯ ಸಾಸಿವೆ ಡಬ್ಬಿ ಅಳತೆ ಕೊಟ್ಟು ಮಾಡಿಸಿದಂತಿತ್ತು. ಸಾಸಿವೆಯನ್ನು ಕವರಿಗೆ ಸುರಿದೆ.

ಕಂಪ್ಯೂಟರ್ ಶುರುವಾಗುವಾಗ ಸೀರಿಯಲ್ ಪೋರ್ಟಿನ ಆರ್‌ಟಿಎಸ್ ಪಿನ್ನಿಗೆ ಕೆಲವೊಮ್ಮೆ ತಾನಾಗಿ ಜೀವ ಬರುತ್ತದೆ. ನಾನು ಮಾತಾಡುವ ಸ್ವಿಚ್ಚನ್ನು ಕಟ್ಟಿದ್ದು ಆ ಪಿನ್ನಿಗೇ. ಆ ಭಾನುವಾರ ಬೆಳಿಗ್ಗೆ, 40 ಮೀಟರ್ ಬ್ಯಾಂಡಿನಲ್ಲಿ ಎಲ್ಲರೂ ಸೇರಿದ್ದಾಗ, ಕಂಪ್ಯೂಟರ್ ಅಪ್‌ಡೇಟಿಗೆಂದು ರೀಸ್ಟಾರ್ಟ್ ಆಯಿತು. ಸೆಟ್ಟಿನಲ್ಲಿ ಕೆಂಪು ದೀಪ. ಮೇಜಿನ ಮೇಲೆ ಮೈಕು. ಪ್ರಸಾರ ಮಾಡುವ ಹೊತ್ತಿನಲ್ಲಿ ಸೆಟ್ಟಿಗೆ ಕಿವಿ ಕೇಳಿಸದು. ಊರೂರಿನ ಹ್ಯಾಮ್‌ಗಳಿಗೆ ಮಾತ್ರ ಎಲ್ಲವೂ ಕೇಳಿಸುತ್ತಿತ್ತು.

"ರೀ, ಸಾಸಿವೆ ಡಬ್ಬಿ ಕಂಡ್ರಾ?"

"ಯಾವ ಡಬ್ಬಿ?"

"ಸಾಸಿವೆ ಇದೆ, ಡಬ್ಬಿ ಇಲ್ಲ."

"ಇಲಿ ಇರಬೇಕು."

"ಇಲಿ ಸಾಸಿವೆನ ಕವರಿಗೆ ಹಾಕಿ ರಬ್ಬರ್‌ಬ್ಯಾಂಡ್ ಸುತ್ತಿ ಹೋಯ್ತಾ?"

ಇಲಿಯ ಬುದ್ಧಿವಂತಿಕೆ ಕುರಿತು ನಾನು ಸಾಕಷ್ಟು ವಿಸ್ತಾರವಾಗಿಯೇ ಮಾತಾಡಿದೆ. ಕುಕ್ಕರ್ ಕೂಗಿತು. ಇಲಿಯಿಂದ ಮಾತು ನನ್ನ ತಾಯಿಯ ಕಡೆಯವರಿಗೆ ಹೊರಳಿತು. ಕುಕ್ಕರ್ ಮತ್ತೆ ಮತ್ತೆ ಕೂಗಿತು. ಅಷ್ಟರಲ್ಲಿ ಮೊಬೈಲು. ಮಂಗಳೂರಿನ ಗೆಳೆಯರು.

"ಮಾರಾಯ್ರೆ, ಮೂರು ವಿಷಲ್ ಆಯ್ತು, ಗ್ಯಾಸ್ ಬಂದ್ ಮಾಡಿ. ಕುಕ್ಕರ್ ಫೈವ್ ನೈನ್, ಸ್ಪಷ್ಟ ಉಂಟು. ಅಕ್ಕನ ಡಬ್ಬಿ ಕೊಟ್ಟುಬಿಡಿ."

ಪ್ಲಗ್ ಎಳೆಯಬಹುದಿತ್ತು. ಆದರೆ ಇಷ್ಟೆಲ್ಲ ಕಟ್ಟಿದ್ದು ಕೈ ಹಚ್ಚದಿರಲೆಂದೇ ಅಲ್ಲವೇ? ಅಪ್‌ಡೇಟ್ ಮುಗಿಯಲಿ, ಮೌಸಿನಲ್ಲೇ ನಿಲ್ಲಿಸುತ್ತೇನೆಂದು ಪರದೆ ನೋಡುತ್ತ ನಿಂತೆ. ಇವಳು ಬಂದು ಮೇಜನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. ಆಮೇಲೆ ಆಡಿದ್ದೂ ಪ್ರಸಾರವಾಯಿತು. ಪ್ಲಗ್ ಎಳೆದದ್ದೂ ಅವಳೇ.

ಸುದ್ದಿ ಕೇಳಿ ತಂಗಿಯ ಮಗ ನಕ್ಕ: "ವಾಟ್ಸಾಪ್ ಇದೆಯಲ್ಲ ಮಾಮ." ನನಗೆ ಉರಿಯಿತು. 2004ರ ಡಿಸೆಂಬರ್ 26ರ ಸುನಾಮಿಯ ಕತೆ ಹೇಳಿದೆ. ಹ್ಯಾಮ್ ತಂಡದೊಂದಿಗೆ ಭಾರತಿ ಪ್ರಸಾದ್ ಆಗಲೇ ಅಂಡಮಾನಿನಲ್ಲಿದ್ದರು. ಫೋನುಗಳು ಸತ್ತು, ದ್ವೀಪದಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಈಚೆ ದಡದವರಿಗೆ ತಿಳಿಯದಿದ್ದಾಗ, ಬದುಕಿದ್ದೇವೆ ಎಂಬಷ್ಟು ಮಾತನ್ನು ದಾಟಿಸಿದ್ದು ಇದೇ ರೇಡಿಯೊ. ಹುಡುಗ ಸುಮ್ಮನಾದ. ಆಮೇಲೆ ಬಹಳ ವಿನಯದಿಂದ ಕೇಳಿದ, "ಅದಕ್ಕೂ ಸಾಸಿವೆ ಡಬ್ಬಿಗೂ ಏನು ಸಂಬಂಧ ಮಾಮ?"

ಈಗ ಆರ್‌ಟಿಎಸ್ ಎದ್ದಿರಬೇಕು, ಅದೇ ಪೋರ್ಟಿನ ಡಿಟಿಆರ್ ಪಿನ್ನು ಮಲಗಿರಬೇಕು, ಆಗ ಮಾತ್ರ ಪ್ರಸಾರ. ಹಾಗೆ ತಂತಿ ಬದಲಿಸಿದ್ದೇನೆ. ಮುಂದೆ ಆಂಟೆನಾ ತಿರುಗಿಸುವ ಮೋಟರನ್ನೂ ಕಂಪ್ಯೂಟರಿಗೆ ಜೋಡಿಸುವ ಆಲೋಚನೆ. ಅದಕ್ಕೆ ದೊಡ್ಡ ಪೆಟ್ಟಿಗೆಯೇ ಬೇಕು. ಮೊನ್ನೆ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ, ಅಷ್ಟೆ. ಇವಳು ಇಡ್ಲಿ ಪಾತ್ರೆಯನ್ನು ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.