ಅಮೆರಿಕಕ್ಕೆ ಹೊರಟ ಕರಿಯನಿಗೆ

ಹೊಳಲ್ಕೆರೆ,
ಚಿತ್ರದುರ್ಗ ಜಿಲ್ಲೆ

ಪಕ್ಕದ ಮನೆಯ ಚಿರಂಜೀವಿ ಕರಿಯನಿಗೆ ಆಶೀರ್ವಾದಗಳು.

ಹಾಲಿನ ಡೈರಿ ಹಿಂದಿನ ಚರಂಡಿ ಪಕ್ಕ ಕಣ್ಣುಬಿಟ್ಟ ನೀನು ಮುಂದಿನ ವಾರ ವಿಮಾನ ಹತ್ತುತ್ತೀಯಂತೆ. ಕಾಲಭೈರವನ ವಾಹನಕ್ಕೇ ವಾಹನ ಬಂತು! ನಮ್ಮೂರ ಬಯಲು ಗಣಪ ಮಾತ್ರ ಇನ್ನೂ ಇಲಿಯನ್ನೇ ನಂಬಿಕೊಂಡಿದ್ದಾನೆ.

ನಿನ್ನ ಕಾಗದಪತ್ರ ನೋಡಿ ದಂಗಾದೆ ಕಣೋ. 2024ರ ಆಗಸ್ಟ್ 1ರಿಂದ ಅಮೆರಿಕದವರು ನಾಯಿಗಳ ಮೇಲೆ ಬಿಗಿ ಮಾಡಿದ್ದಾರೆ. ರೇಬೀಸ್ ಭಯದ ದೇಶಗಳ ಪಟ್ಟಿಯಲ್ಲಿ ನಮ್ಮದೂ ಇದೆ. ಮೊದಲು ಚರ್ಮದಡಿ ಚಿಪ್, ಆಮೇಲೆ ಲಸಿಕೆ. ಹಿಂದುಮುಂದಾದರೆ ಲಸಿಕೆ ಲೆಕ್ಕಕ್ಕಿಲ್ಲ. ಪಶು ಆಸ್ಪತ್ರೆಯಲ್ಲಿ ಮೊದಲೇ ಚುಚ್ಚಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ತಿಂಗಳು ಬಿಟ್ಟು ರಕ್ತ, ಅದೂ ಅವರು ಒಪ್ಪಿದ ಲ್ಯಾಬಿಗೇ. ರಕ್ತ ಕೊಟ್ಟು 28 ದಿನ ಕಾಯಬೇಕು. ನಿನ್ನ ಫೋಟೊ ಬೇರೆ. ಇಲ್ಲಿಂದ ಬಿಡಲು ಹೆಸರಘಟ್ಟದ ಕ್ವಾರಂಟೈನ್ ಕೇಂದ್ರದ ಪತ್ರ. ಎಲ್ಲವೂ ಮುಗಿಯಿತು, ಭಲೆ! ನನ್ನ ಪಹಣಿಯಲ್ಲಿ ಅಪ್ಪನ ಹೆಸರು ತಿದ್ದಿಸುವುದು ಮಾತ್ರ ಇನ್ನೂ ಮುಗಿದಿಲ್ಲ. ನನಗೂ ಒಂದು ಚಿಪ್ ಹಾಕಿಸಿದರೆ ಹೇಗೆ?

ಹದಿನೆಂಟು ಕೆ.ಜಿ. ತೂಗುವ ನಿನಗೆ ಯಜಮಾನನ ಕಾಲಬಳಿ ಜಾಗವಿಲ್ಲ, ಕೆಳಗಿನ ಸರಕಿನ ಕೋಣೆಯೇ ಗತಿ. ಬೇಸರ ಬೇಡ. ಪೆಟ್ಟಿಗೆಯೊಳಗೆ ನಾಯಿ ನೆಟ್ಟಗೆ ನಿಲ್ಲಬೇಕು, ಸುತ್ತು ತಿರುಗಬೇಕು, ಹಾಯಾಗಿ ಮಲಗಬೇಕು, ಕುಡಿಯಲು ನೀರಿರಬೇಕು ಎಂದು ವಿಮಾನ ಕಂಪನಿಗಳ ಸಂಘ ಐಯಾಟಾದ ನಿಯಮವಿದೆ. ಬೆಳಗಿನ ಬಸ್ಸಿನಲ್ಲಿ ಒಂಟಿಕಾಲಲ್ಲಿ, ಯಾರದೋ ಅಡಿಕೆ ಚೀಲಕ್ಕೆ ಎದೆಯೊತ್ತಿ ದುರ್ಗಕ್ಕೆ ಹೋಗುವ ನನಗೆ ಯಾವ ಐಯಾಟಾ? ಪೆಟ್ಟಿಗೆಗೆ ಗಾಳಿಕಿಂಡಿಗಳೂ ಇರುತ್ತವೆ. ತಲೆ ತೂರಿಸಬೇಡ. ನಮ್ಮ ಜಿಲ್ಲೆಯಲ್ಲಿ ಕಿಂಡಿಯಲ್ಲಿ ತಲೆ ತೂರಿಸಿದವರಿಗೆ ಒನಕೆಯಿಂದ ಏನಾಯಿತೆಂದು ನಿನಗೆ ಗೊತ್ತು.

ದೇವನಹಳ್ಳಿವರೆಗೆ ಕಾರಿನಲ್ಲೇ ಹೋಗುತ್ತೀಯಂತೆ, ಹಿರಿಯೂರಿನ ಮೇಲೆ ಹಾದು. ಒಳ್ಳೆಯದು. ಕೆಂಪು ಬಸ್ಸಾಗಿದ್ದರೆ 2022ರಿಂದ ನಿನಗೆ ಅರ್ಧ ಟಿಕೆಟ್. ಅದಕ್ಕೂ ಮೊದಲು ನಾಯಿಗೂ ಆಳಿನಷ್ಟೇ ದರವಿತ್ತು. ಪಕ್ಕ ಕೂತ ಅಜ್ಜಿಗೆ ಶಕ್ತಿ ಯೋಜನೆಯಲ್ಲಿ ಸೊನ್ನೆ ಟಿಕೆಟ್, ಅವಳ ಕಾಲಡಿಯ ನಿನಗೆ ಅರ್ಧ. ಹೆಣ್ಣಾಗಿ ಹುಟ್ಟಿದ್ದರೂ ನಿನಗೆ ಶಕ್ತಿ ಸಿಗುತ್ತಿರಲಿಲ್ಲ, ಬಿಡು.

ಅಂದಹಾಗೆ, ನಿನ್ನನ್ನು ಸಾಕಿದ ಅಜ್ಜಿಯೂ ವೀಸಾ ಸಂದರ್ಶನಕ್ಕೆಂದು ಚೆನ್ನೈಗೆ ಹೋಗಿ ಬಂದಳು. ಹೊಸದುರ್ಗದ ತಂಗಿಯಿಂದ ರೇಷ್ಮೆ ಸೀರೆ ಸಾಲ ತಂದು ಉಟ್ಟಿದ್ದಳು. ಎರಡೇ ಪ್ರಶ್ನೆ ಕೇಳಿ ಪಾಸ್‌ಪೋರ್ಟ್ ವಾಪಸು ಕೊಟ್ಟರಂತೆ. ನಿನ್ನ ರಕ್ತ ಪಾಸಾಯಿತು, ಅವಳ ಉತ್ತರ ಪಾಸಾಗಲಿಲ್ಲ. ಅಲ್ಲಿ ಅವಳ ಮಗ ನಿನ್ನನ್ನು ಮುದ್ದಾಡುವಾಗ ಒಮ್ಮೆ ಜೋರಾಗಿ ಬೊಗಳು. ಭಾನುವಾರ ಫೋನು ಮಾಡುವುದು ಅವನಿಗೆ ನೆನಪಾಗಲಿ.

ನಿನ್ನ ಜಾಗದ ಚಿಂತೆ ಬೇಡ. ಹಿಂದಿನ ಬೀದಿಯ ಕೆಂದ ಆಗಲೇ ಬಂದು ನಿಮ್ಮ ಜಗಲಿ ಮೂಸಿ ಹೋಗಿದ್ದಾನೆ. ಅಜ್ಜಿ ಕೈಗೆ ಎರಡು ಮುದ್ದೆ ಕಟ್ಟುವುದೇ ರೂಢಿ. ಒಂದನ್ನು ಯಾರಾದರೂ ತಿನ್ನಬೇಕಲ್ಲ.

ಇಂತಿ,
ಗೋಡೆಯಾಚೆಯ ಮೇಷ್ಟ್ರು