ಅಲ್ಪಧನ ಆಹಾರ್ಯ ಮೀಮಾಂಸೆ

ನಿರ್ವಿಘ್ನ ಪರಿಸಮಾಪ್ತಿಗಾಗಿ ಮೊದಲು ನಿರ್ಮಾಪಕನಿಗೆ ವಂದಿಸಿ, ಆತ ಆಗಲೇ ಊರು ಬಿಟ್ಟಿದ್ದಾನೆಂದು ತಿಳಿದಮೇಲೆ ಪ್ರೊಡಕ್ಷನ್ ಮ್ಯಾನೇಜರಿಗೆ ವಂದಿಸಿ, ಈ ಗ್ರಂಥವನ್ನು ಆರಂಭಿಸಲಾಗಿದೆ. ಶಾಸ್ತ್ರಗ್ರಂಥಕ್ಕೆ ಅನುಬಂಧಗಳು ನಾಲ್ಕು. ವಿಷಯ: ಕಡಿಮೆ ಬಜೆಟ್ಟಿನ ಕನ್ನಡ ಚಿತ್ರಗಳಲ್ಲಿ ಪಾತ್ರಗಳ ಮುಖ ಮತ್ತು ತಲೆಗೂದಲು. ಅಧಿಕಾರಿ: ಎಲ್ಲರಿಗಿಂತ ಮೊದಲು ಸೆಟ್ಟಿಗೆ ಬಂದು ಎಲ್ಲರಿಗಿಂತ ಕೊನೆಗೆ ತಿಂಡಿ ತಿನ್ನಬಲ್ಲವನು. ಪ್ರಯೋಜನ: ಮುಂದಿನ ಚಿತ್ರಕ್ಕೆ ಕರೆ. ಸಂಬಂಧ: ಹಣಕ್ಕೂ ಇದಕ್ಕೂ ಇಲ್ಲ.

ಪೂರ್ವಾಚಾರ್ಯರಲ್ಲಿ ನಾಟ್ಯಶಾಸ್ತ್ರದ ಭರತಮುನಿ ಪ್ರಧಾನ. ಆಹಾರ್ಯವನ್ನು, ಎಂದರೆ ವೇಷ-ಬಣ್ಣಗಳ ಅಭಿನಯವನ್ನು, ಆತ ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ ಎಂದು ನಾಲ್ಕಾಗಿ ವಿಂಗಡಿಸುತ್ತಾನೆ. ಬಿಳಿ, ಹಳದಿ, ನೀಲಿ, ಕೆಂಪುಗಳನ್ನು ಮೂಲವರ್ಣವೆಂದು ಹೇಳಿ, ಬಿಳಿಗೆ ಕೆಂಪು ಬೆರೆತರೆ ಪದ್ಮವರ್ಣ ಎಂಬಂತೆ ಮಿಶ್ರಣಗಳನ್ನೂ ಕೊಡುತ್ತಾನೆ. ಅಲ್ಪಧನ ಪಂಥದವರು ಇದನ್ನು ಪೂರ್ಣವಾಗಿ ಒಪ್ಪಿ, ಮೂಲವರ್ಣ ಒಂದೇ ಎಂದು ಸಂಕ್ಷೇಪಿಸಿದ್ದಾರೆ. ಅದು ಡಬ್ಬಿಯಲ್ಲಿ ಉಳಿದಿರುವ ವರ್ಣ.

ಸೂತ್ರ 1: ಮುಪ್ಪು ಕಿವಿಯ ಪಕ್ಕದಲ್ಲಿ ಹುಟ್ಟಿ ಕತ್ತಿನಲ್ಲಿ ನಿಲ್ಲುತ್ತದೆ.

ಭಾಷ್ಯ: ಮಧ್ಯಂತರದ ನಂತರ ನಾಯಕನಿಗೆ ಇಪ್ಪತ್ತು ವರ್ಷ ಸೇರಿಸಬೇಕಾದಾಗ ಕೆನ್ನೆಗೂದಲಿಗೆ ಬಿಳಿ ಬಳಿಯುವುದು ವಿಧಿ. ಬಳಿದದ್ದು ಕೈಗಳ ತನಕ ಇಳಿಯುವುದಿಲ್ಲ. ಆದ್ದರಿಂದ ನಲವತ್ತೈದರ ಮುಖಕ್ಕೆ ಇಪ್ಪತ್ತೈದರ ಕೈಗಳು ದಕ್ಕುತ್ತವೆ. ಈ ದೋಷಕ್ಕೆ ಶಾಲು ಮೊದಲ ಪರಿಹಾರ, ಕೆಮ್ಮು ಎರಡನೆಯದು. ಚಿತ್ರಗಳಲ್ಲಿ ಅಪ್ಪಂದಿರು ಅಷ್ಟೊಂದು ಕೆಮ್ಮುವುದಕ್ಕೆ ವಿಮರ್ಶಕರು ಊಳಿಗಮಾನ್ಯ ವ್ಯವಸ್ಥೆಯ ಕುಸಿತವನ್ನು ಕಾರಣವಾಗಿ ಹೇಳಿದರೆ, ಅವರು ಸೆಟ್ಟಿಗೆ ಬಂದವರಲ್ಲವೆಂದು ತಿಳಿಯಬೇಕು.

ಸೂತ್ರ 2: ಮೀಸೆ ನಿತ್ಯ, ಮನುಷ್ಯ ಅನಿತ್ಯ.

ಭಾಷ್ಯ: ಬೆಳಿಗ್ಗೆ ಪೇದೆಯ ತುಟಿಯ ಮೇಲಿದ್ದ ಮೀಸೆ ಮಧ್ಯಾಹ್ನ ಶಾನುಭೋಗನಿಗೂ ಸಂಜೆ ಹುಡುಗಿಯ ಸೋದರಮಾವನಿಗೂ ಸಲ್ಲುತ್ತದೆ. ದೇಹಾಂತರ ಪ್ರಾಪ್ತಿಗೆ ಬೇಕಾದದ್ದು ಸ್ಪಿರಿಟ್ ಗಮ್ ಮಾತ್ರ. ಕುಂದಾಪುರದ ಕಡೆ ಏಪ್ರಿಲ್‌ನಲ್ಲಿ ಚಿತ್ರೀಕರಣವಾದರೆ ಬೆವರಿಗೆ ಆ ಅಂಟೂ ಬಿಡುತ್ತದೆ. ಖಳನಾಯಕ ನಗದೆ ಗಂಭೀರವಾಗಿರುವುದು ಈ ಕಾರಣದಿಂದ, ಕ್ರೌರ್ಯದಿಂದಲ್ಲ.

ಸೂತ್ರ 3: ಗಾಯ ಮೊದಲು, ಹೊಡೆದಾಟ ಆಮೇಲೆ.

ಭಾಷ್ಯ: ಚಿತ್ರೀಕರಣದ ಮನೆಯ ಬಾಡಿಗೆ ಶುಕ್ರವಾರಕ್ಕೆ ಮುಗಿಯುವುದರಿಂದ, ಪೆಟ್ಟು ಬಿದ್ದ ನಂತರದವೂ ಸೇರಿ ಆ ಮನೆಯ ದೃಶ್ಯಗಳೆಲ್ಲ ಮೊದಲೇ ಆಗಬೇಕು. ಹಣೆಗೆ ಕೊಲೋಡಿಯನ್ ಹಚ್ಚಿದರೆ ಅದು ಒಣಗುತ್ತ ಚರ್ಮವನ್ನು ಸೆಳೆದು ಕಲೆ ಮೂಡಿಸುತ್ತದೆ. ಆದರೆ ಪೆಟ್ಟು ಬೀಳುವುದು ಇನ್ನೊಂದು ಶೆಡ್ಯೂಲಿನಲ್ಲಿ. ಅಷ್ಟರೊಳಗೆ ಕಲೆ ಎಡಗಡೆಯದೋ ಬಲಗಡೆಯದೋ ಎಂಬ ಜ್ಞಾನಕ್ಕೆ ಮೇಕಪ್ ಸಹಾಯಕನ ಮೊಬೈಲ್ ಫೋಟೋ ಒಂದೇ ಪ್ರಮಾಣ. ಪ್ರತ್ಯಕ್ಷ, ಅನುಮಾನಗಳು ಇಲ್ಲಿ ಸಲ್ಲವು. ಬ್ಯಾಟರಿ ಮುಗಿದರೆ ಶಬ್ದಪ್ರಮಾಣವಾಗಿ ನಿರ್ದೇಶಕನ ಬೈಗುಳವನ್ನು ಸ್ವೀಕರಿಸಬೇಕು.

ಸೂತ್ರ 4: ರಕ್ತ ಸಿಹಿ.

ಭಾಷ್ಯ: 1960ರ ‘ಸೈಕೋ’ ಕಪ್ಪುಬಿಳುಪಿನದಾದ್ದರಿಂದ ಹಿಚ್‌ಕಾಕ್‌ ತಂಡ ಚಾಕೊಲೇಟ್ ಸಿರಪ್ಪನ್ನೇ ರಕ್ತವಾಗಿ ಹರಿಸಿತು. ಬಣ್ಣದ ಕಾಲದ ನಮಗೆ ಸಕ್ಕರೆಪಾಕ, ತಿನ್ನುವ ಕೆಂಪು ಬಣ್ಣ. ಹೆಣವಾಗಿ ಮಲಗಿದವನತ್ತ ಸ್ವಲ್ಪ ಹೊತ್ತಿನಲ್ಲೇ ಇರುವೆಗಳು ಸಾಲುಗಟ್ಟುತ್ತವೆ. ರಂಗಕ್ಕೆ ಜೀವಂತ ಪ್ರಾಣಿಗಳು ಬರುವುದನ್ನು ಭರತ ಸಂಜೀವವೆಂದು ಕರೆದದ್ದು ಇಲ್ಲಿ ಬಿಟ್ಟಿಯಾಗಿ ಸಿದ್ಧಿಸುತ್ತದೆ. ಹೆಣ ಎದ್ದು ಕೂತರೆ ಅದೂ ಸಂಜೀವವೇ ಎಂದು ಕೆಲವರು ವಾದಿಸುತ್ತಾರೆ.

ಇಲ್ಲೊಂದು ಪೂರ್ವಪಕ್ಷ: ನಮ್ಮದು ನೈಜ ಚಿತ್ರ, ಮೇಕಪ್ಪೇ ಬೇಡ. ಉತ್ತರ: ಕ್ಯಾಮೆರಾ ಎಂದೂ ನೈಜವಾಗಿ ನೋಡಿದ್ದಿಲ್ಲ. ಮೂಕಿ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ತುಟಿ ಪರದೆಯ ಮೇಲೆ ಕಪ್ಪಾಗುತ್ತಿತ್ತು. ಇಂದಿನ 4ಕೆ ಕ್ಯಾಮೆರಾಕ್ಕೆ ಎಲ್ಲವೂ ಕಾಣುತ್ತದೆ: ವಿಗ್ಗಿನ ಬಲೆಯ ಅಂಚು, ಮೂಗಿನ ಎಣ್ಣೆಜಿಡ್ಡು, ನಿನ್ನೆ ರಾತ್ರಿಯ ಪಾರ್ಟಿ. ಮೇಕಪ್ ಇಲ್ಲವೆಂದು ತೋರಿಸಲು ಹೆಚ್ಚು ಹೊತ್ತು ಕೂತು ಮೇಕಪ್ ಮಾಡಬೇಕು. ಹಾಗೆ ಮಾಡಿದ ಮೇಲೆ ನಿರ್ಮಾಪಕ ಬಂದು ಕೇಳುತ್ತಾನೆ, ಮಾಡಿದ್ದೆಲ್ಲಿ?

ಸಿದ್ಧಾಂತ: ಈ ವಿದ್ಯೆಯ ಗುರಿ ಅದೃಶ್ಯತೆ. ಪ್ರಮಾಣ ಬೇಕಾದವರು ನೋಡಬಹುದು: 1954ರಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಿಗೆ ಮೇಕಪ್ ಕಣ್ಣಿಗೆ ಬಿದ್ದದ್ದು 2006ರ ಸಾಲಿನ ಚಿತ್ರಗಳಿಂದ. 2014ರ ಸಾಲಿನಲ್ಲಿ ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ಆ ಪ್ರಶಸ್ತಿ ಬಂತು. ಸಂಚಾರಿ ವಿಜಯ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂತು. ನಟನ ಹೆಸರು ನಾಡಿಗೆಲ್ಲ ಗೊತ್ತು. ಅವರನ್ನು ಪಾತ್ರಕ್ಕೆ ಸಿದ್ಧಗೊಳಿಸಿದ ನಾಗರಾಜು ಮತ್ತು ರಾಜು ಅವರ ಹೆಸರನ್ನು ಓದುಗ ಈಗಷ್ಟೇ ಓದಿದ. ಶಾಸ್ತ್ರ ಗೆದ್ದಿತು.

ಫಲಶ್ರುತಿ: ಇದನ್ನು ಶ್ರದ್ಧೆಯಿಂದ ಅಧ್ಯಯನ ಮಾಡಿದವರಿಗೆ ನಾಯಕಿ ಟಚಪ್‌ಗೆ ಅಲುಗದೆ ಕೂರುವಳು, ಅಂಟಿಸಿದ ಗಡ್ಡ ಕ್ಲೈಮ್ಯಾಕ್ಸ್‌ವರೆಗೆ ನಿಲ್ಲುವುದು, ಟೈಟಲ್ ಕಾರ್ಡಿನಲ್ಲಿ ಹೆಸರು ಕಾಗುಣಿತ ತಪ್ಪಿಲ್ಲದೆ ಬರುವುದು. ಬಾಕಿ ಇರುವ ದಿನದ ಬಾಟಾ ಸಿಗುವುದೆಂದು ಯಾವ ಶಾಸ್ತ್ರವೂ ಹೇಳಿಲ್ಲ.